ಒಳಪದರ ನಾನೇ ಹಾಕಿದ್ದೇನೆ

ವಿಂಟನ್
ಮಾರ್ಚ್ ೧೪, ೧೯೯೬

ಪ್ರಿಯ ಡೆಸ್,

ನಿನ್ನ ಪೊಟ್ಟಣ ತಲುಪಿತು. ಹಳ್ಳದ ನೀರು ಇಳಿಯುವವರೆಗೆ ಟಪಾಲು ಲಾರಿ ಆಚೆ ದಡದಲ್ಲೇ ಇತ್ತಂತೆ, ಅದಕ್ಕೇ ತಡ. ಕತ್ತಿನಲ್ಲಿ ತೂಗುಹಾಕಿಕೊಳ್ಳುವ ಈ ಪುಟ್ಟ ಚಾಕುಗಳ ಹಿಡಿಗೆ ಯಾವ ಹೊದಿಕೆ ಸರಿ ಎಂದು ಕೇಳಿದ್ದೀಯ. ಜೊತೆಗೆ ತೊರಕೆ ಮೀನಿನ ಚರ್ಮದ ತುಂಡೊಂದನ್ನೂ ಇಟ್ಟಿದ್ದೀಯ. ನೋಡಿ ನಗು ಬಂತು. ಯಾರು ನಿನ್ನ ತಲೆಗೆ ಇದನ್ನು ತುಂಬಿದವರು?

ಕೇಳು. ಸೊಂಟದ ಚಾಕು ಬೇರೆ, ಕತ್ತಿನ ಚಾಕು ಬೇರೆ. ಇದು ದಿನವಿಡೀ ಎದೆಯ ಮೇಲೆ ಮಲಗಿರುತ್ತದೆ. ತೊರಕೆ ಚರ್ಮ ಅರದ ಹಾಗೆ ಒರಟು, ವಾರದೊಳಗೆ ಅಂಗಿಗೆ ತೂತು ಬೀಳಿಸುತ್ತದೆ. ಮರದ ಪಟ್ಟಿ ಹಾಕಿದರೆ ದಪ್ಪವಾಗುತ್ತದೆ, ಕುದುರೆಗೆ ಲಾಳ ಕಟ್ಟುವವನು ಬಗ್ಗಿದಾಗಲೆಲ್ಲ ಎದೆಮೂಳೆಗೆ ಚುಚ್ಚುತ್ತದೆ. ರಬ್ಬರು ನಮ್ಮ ಸೆಕೆಗೆ ಬೆವತು ನಾರುತ್ತದೆ. ನೈಲಾನು ಹಗ್ಗ ಸುತ್ತುವುದನ್ನು ಪಟ್ಟಣದ ಹುಡುಗರೆಲ್ಲ ಮಾಡುತ್ತಾರೆ, ಕೈ ಒದ್ದೆಯಾದರೆ ಅದು ಹಿಡಿತ ತಪ್ಪಿ ಜಾರುತ್ತದೆ. ಏನೂ ಬೇಡ, ಬರಿ ಉಕ್ಕೇ ಇರಲಿ ಎನ್ನುತ್ತೀಯಾ? ಜನವರಿಯ ಬಿಸಿಲಲ್ಲಿ ಒಂದು ದಿನ ಹಾಕಿಕೊಂಡು ದನ ಅಟ್ಟಿ ಬಾ, ಆಮೇಲೆ ಮಾತಾಡೋಣ.

ಕಾಂಗರೂ ತೊಗಲು, ಡೆಸ್. ಕಾಗದದಷ್ಟು ತೆಳ್ಳಗೆ ಕೆತ್ತಿದರೂ ಹರಿಯುವುದಿಲ್ಲ. ಒದ್ದೆಯಿರುವಾಗ ಎಂಟೆಳೆಯಲ್ಲಿ ಹೆಣೆದರೆ ಒಣಗುತ್ತಾ ಉಕ್ಕನ್ನು ಕಚ್ಚಿ ಹಿಡಿಯುತ್ತದೆ. ತಿಂಗಳೊಂದು ಕಳೆದರೆ ಹಿಡಿ ಹಾಕಿಕೊಂಡವನ ಕೈಯ ಆಕಾರಕ್ಕೆ ಬಂದಿರುತ್ತದೆ.

ಒಂದೇ ಷರತ್ತು. ಅಲಗನ್ನೂ ಹಿಡಿಯ ಉಕ್ಕನ್ನೂ ನನಗೆ ಬರಿದಾಗಿ ಕಳಿಸು. ಬೆರಳಲ್ಲಿ ಸವರಿ ನೋಡದೆ ನಾನು ಯಾವುದರ ಮೇಲೂ ಹೆಣೆಯುವುದಿಲ್ಲ. ಚಾವಟಿಗಾದರೂ ಅಷ್ಟೇ, ಚಾಕುವಿಗಾದರೂ ಅಷ್ಟೇ. ನನ್ನಪ್ಪ ಕಲಿಸಿದ್ದು ಹಾಗೆ.

ಫೋನು ಮಾಡುವ ಗೋಜಿಗೆ ಹೋಗಬೇಡ. ಕೆರಿನ್ ಎತ್ತಿ ನಿನ್ನ ಮಾತನ್ನು ನನ್ನ ಕಿವುಡು ಕಿವಿಗೆ ಕೂಗಿ ಹೇಳುವಷ್ಟರಲ್ಲಿ ಅರ್ಧ ಅವಳ ಮಾತೇ ಆಗಿರುತ್ತದೆ. ಮಗಳಿಗೀಗ ಇಪ್ಪತ್ತೆರಡು, ನನ್ನನ್ನು ತಿದ್ದುವುದೇ ಕೆಲಸ. ಆದರೂ ಹೆಣಿಗೆಯಲ್ಲಿ ನನ್ನ ಕೈಯನ್ನು ಮೀರಿಸುವ ಹಾಗಿದ್ದಾಳೆ. ಇದನ್ನು ಅವಳಿಗೆ ಹೇಳಬೇಡ.

ನಿನ್ನ
ಲೋರ್ನಾ


ಚಾರ್ಟರ್ಸ್ ಟವರ್ಸ್
ಏಪ್ರಿಲ್ ೨, ೧೯೯೬

ಪ್ರಿಯ ಲೋರ್ನಾ,

ಸರಿ ತಾಯಿ, ಕಾಂಗರೂ. ತೊರಕೆ ಚರ್ಮವನ್ನು ನಾಯಿಗೆ ಹಾಕಿದೆ, ಅದೂ ಮೂಸಿ ನೋಡಿ ಹೋಯಿತು.

ಮೊದಲ ಕಂತು ಈ ಪೊಟ್ಟಣದಲ್ಲಿದೆ. ಎಲ್ಲವೂ ಬರಿದೇ. ಸವರಿ ನೋಡು, ಮೂಸಿ ನೋಡು, ಬೇಕಾದರೆ ನೆಕ್ಕಿ ನೋಡು. ಅಲಗಿನ ತುದಿಯಿಂದ ಹಿಡಿಯ ಕೊನೆಯವರೆಗೆ ಒಂದೇ ತುಂಡು ಉಕ್ಕು, ಎಲ್ಲೂ ಜೋಡಣೆಯಿಲ್ಲ. ಕತ್ತಿಗೆ ಹಾಕಿಕೊಳ್ಳುವ ಚಾಕುವನ್ನು ಮನುಷ್ಯ ತೆಗೆಯುವುದು ಇನ್ನೊಂದು ಕೈ ಎಲ್ಲೋ ಸಿಕ್ಕಿಕೊಂಡಾಗ. ಆಗ ಅದು ಮುರಿಯಕೂಡದು. ನಾನು ಮಾರುವುದು ಅಷ್ಟನ್ನೇ, ಉಳಿದದ್ದು ಅಲಂಕಾರ. ಅಲಂಕಾರ ಎಂದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ.

ಅಕ್ಷರ ಕುಣಿಯುತ್ತಿದ್ದರೆ ಸುತ್ತಿಗೆಯನ್ನು ಬೈದುಕೋ. ಬೆಳಿಗ್ಗೆಯಿಂದ ಕುಲುಮೆಯ ಮುಂದೆಯೇ ಇದ್ದೇನೆ.

ಕಾಲ್ ಬದುಕಿದ್ದಿದ್ದರೆ ಮೊದಲನೆಯದನ್ನು ಅವನೇ ಕಸಿದುಕೊಂಡು ಹೋಗುತ್ತಿದ್ದ. ನಿನ್ನ ಗಂಡನಷ್ಟು ನಾಚಿಕೆಯಿಲ್ಲದೆ ನನ್ನ ಕುಲುಮೆಯಿಂದ ಸಾಮಾನು ಕದ್ದವನು ಇನ್ನೊಬ್ಬನಿಲ್ಲ.

ನಿನ್ನ
ಡೆಸ್


ವಿಂಟನ್
ಜುಲೈ ೮, ೧೯೯೬

ಪ್ರಿಯ ಡೆಸ್,

ಮೊದಲ ಕಂತು ಖಾಲಿಯಾಯಿತು. ಲಾಳ ಕಟ್ಟುವವರೂ ದನ ಅಟ್ಟುವವರೂ ಮುಗಿಬಿದ್ದು ಕೊಂಡರು. ಟ್ರೆವ್ ಮಲ್ಕಾಹಿ ಒಂದನ್ನು ಕತ್ತಿಗೆ ಹಾಕಿಕೊಂಡು ಇಗರ್ಜಿಗೇ ಹೋದನಂತೆ. ಹೆಂಡತಿ ಬೈದಳಂತೆ.

ಈಗ ನನ್ನದೇ ಒಂದು ಬೇಡಿಕೆ. ಕೆರಿನ್ ಕರುಂಬಾಕ್ಕೆ ಹೋಗುತ್ತಾಳೆ, ಸಿಗಡಿ ದೋಣಿಯ ಮೇಲೆ ಕೆಲಸಕ್ಕೆ. ಇರುವ ಒಂದು ಬದುಕನ್ನು ಇಲ್ಲಿ ಕೂತು ತೊಗಲು ಸೀಳುತ್ತಾ ಕಳೆಯಲಾರೆ ಎಂದಳು. ಜಗಳವಾಯಿತು. ನಾನು ಏನು ಅಂದೆ ಎನ್ನುವುದು ಬೇಡ. ಅವಳು ಏನು ಅಂದಳು ಎನ್ನುವುದು ನನಗೆ ಪೂರ್ತಿ ಕೇಳಿಸಲೇ ಇಲ್ಲ, ಕೇಳಿಸದ್ದೂ ಒಳ್ಳೆಯದಾಯಿತು. ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು, ಅಷ್ಟು ನನಗೂ ತಿಳಿಯುತ್ತದೆ.

ಹೋಗುವವಳನ್ನು ಕಟ್ಟಿಹಾಕಲಾಗುವುದಿಲ್ಲ. ಒಂದು ಚಾಕು ಕೊಟ್ಟು ಕಳಿಸಬಹುದು. ಅವಳಿಗೆಂದೇ ಒಂದು ಮಾಡು. ದೋಣಿಯಲ್ಲಿ ಹಗ್ಗ ಕೈಕಾಲಿಗೆ ಸುತ್ತಿಕೊಳ್ಳುವುದು ಸಾಮಾನ್ಯವಂತೆ, ಎಲ್ಲರ ಕತ್ತಿನಲ್ಲೂ ಒಂದು ಇರುತ್ತದಂತೆ.

ಹೊದಿಕೆಗೆ ತುಂಬ ಯೋಚಿಸಿದೆ. ಕಾಂಗರೂ ತೊಗಲಿಗೆ ಉಪ್ಪುನೀರು ಆಗದು, ಕಟ್ಟಿಗೆಯಂತಾಗಿ ಬಿರಿಯುತ್ತದೆ. ಸಿಗಡಿಯ ಲೋಳೆ ಮೆತ್ತಿದ ಕೈಗೆ ನಯವಾದದ್ದು ಯಾವುದೂ ನಿಲ್ಲುವುದಿಲ್ಲ. ಅದಕ್ಕೆ ಟಾರು ಹಚ್ಚಿದ ಬಲೆಯ ದಾರ ತರಿಸಿದ್ದೇನೆ. ಒರಟು, ಕಪ್ಪು, ಅಂಗಿಗೆ ಕಲೆ ಬೀಳುತ್ತದೆ, ಚೆಂದವಂತೂ ಇಲ್ಲ. ಆದರೆ ಹಿಡಿದ ಕೈ ಬಿಡುವುದಿಲ್ಲ. ಸಿಂಗಾರದ ಗಂಟು ಬಿಟ್ಟು ಹೆಬ್ಬೆರಳಿಗೆ ತಡೆಯಾಗುವ ಹಾಗೆ ಒಂದು ದಪ್ಪ ಗಂಟು ಹಾಕುತ್ತೇನೆ. ಕತ್ತಲಲ್ಲೂ ಅಲಗು ಯಾವ ಕಡೆಗಿದೆ ಎಂದು ಬೆರಳಿಗೇ ಗೊತ್ತಾಗಬೇಕು.

ಬೇಗ ಕಳಿಸು. ಅವಳು ಹೊರಟ ಮೇಲಾದರೂ ಅಂಚೆಯಲ್ಲಿ ಹಾಕುತ್ತೇನೆ.

ನಿನ್ನ
ಲೋರ್ನಾ


ಚಾರ್ಟರ್ಸ್ ಟವರ್ಸ್
ಆಗಸ್ಟ್ ೧೯, ೧೯೯೬

ಪ್ರಿಯ ಲೋರ್ನಾ,

ಎರಡನೇ ಕಂತು ಕಳಿಸಿದ್ದೇನೆ. ಕೆರಿನ್‌ಳದಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಬೇಡಿಕೆ ಜಾಸ್ತಿಯಾಗಿದೆ, ನಿನಗೂ ಕೆಲಸ ಹೆಚ್ಚು. ಆದ್ದರಿಂದ ಒಳಪದರ ನಾನೇ ಹಾಕಿದ್ದೇನೆ. ಬಟ್ಟೆ, ಅದರ ಮೇಲೆ ತೆಳ್ಳನೆಯ ತೊಗಲು, ಅಂಟು ಹಾಕಿ ಬಿಗಿ ಮಾಡಿದ್ದೇನೆ. ನೀನು ಮೇಲಿನ ಹೆಣಿಗೆಯೊಂದನ್ನು ಮಾಡಿದರೆ ಸಾಕು, ಅರ್ಧ ಹೊತ್ತು ಉಳಿಯುತ್ತದೆ.

ಟೈಪು ಮಾಡಿದ್ದಕ್ಕೆ ಕ್ಷಮಿಸು. ಗುಜರಿಯಲ್ಲಿ ಈ ಯಂತ್ರ ಸಿಕ್ಕಿತು.

ಕೆರಿನ್‌ಗೆ ನನ್ನ ಆಶೀರ್ವಾದ.

ಡೆಸ್


ವಿಂಟನ್
ಸೆಪ್ಟೆಂಬರ್ ೫, ೧೯೯೬

ದೊಡ್ಡ ಮನುಷ್ಯರಾದ ಡೆಸ್ ಪ್ರಿಂಗಲ್ ಅವರಿಗೆ,

ಟೈಪು ಯಂತ್ರ ಬಂದ ಮೇಲೆ ನಮ್ಮಂಥವರ ಜೊತೆ ಪತ್ರವ್ಯವಹಾರ ಇರುತ್ತದೋ ಇಲ್ಲವೋ. ಇನ್ನು ಗುಮಾಸ್ತೆಯೊಬ್ಬಳನ್ನೂ ಇಟ್ಟುಕೋ.

ಒಳಪದರದ ವಿಷಯಕ್ಕೆ ಬೈಯಬೇಕೆಂದು ಕೂತೆ. ನನ್ನ ಷರತ್ತು ನಿನಗೆ ಗೊತ್ತಿತ್ತು. ಇನ್ನೊಬ್ಬರು ಹಾಕಿದ ಒಳಪದರದ ಮೇಲೆ ಹೆಣೆಯುವುದೆಂದರೆ ಇನ್ನೊಬ್ಬರ ಮಾತಿಗೆ ನಾನು ರುಜು ಹಾಕಿದ ಹಾಗೆ. ಟೌನ್ಸ್‌ವಿಲ್‌ನ ಚಾವಟಿ ಅಂಗಡಿಯವನು ಹೀಗೇ ಕಳಿಸಿದಾಗ ಪೊಟ್ಟಣ ಬಿಚ್ಚದೆ ವಾಪಸು ಕಳಿಸಿದ್ದೆ. ನೀನಾದ್ದರಿಂದ ಸುಮ್ಮನಾದೆ. ನನಗೂ ಬೆರಳಿನ ಸಂದು ನೋಯುತ್ತದೆ, ಅರ್ಧ ಕೆಲಸ ಉಳಿದದ್ದು ಸುಳ್ಳಲ್ಲ. ಪದರವನ್ನೂ ಚೆನ್ನಾಗಿಯೇ ಹಾಕಿದ್ದೀಯ, ಹೆಂಗಸರ ಕೆಲಸದ ಹಾಗೆ.

ಕೆರಿನ್‌ಳ ಚಾಕುವನ್ನು ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದೆ. ನಾಲ್ಕನೆಯದು ಒಪ್ಪಿಗೆಯಾಯಿತು. ನಿನ್ನೆ ಅಂಚೆಗೆ ಹಾಕಿದೆ. ಜೊತೆಗೆ ಪತ್ರ ಬರೆಯಲಿಲ್ಲ, ಏನು ಬರೆಯಬೇಕೋ ತಿಳಿಯಲಿಲ್ಲ. ಕಟ್ಟಿದ ಗಂಟು ನೋಡಿದರೆ ಅವಳಿಗೆ ಅರ್ಥವಾಗುತ್ತದೆ.

ನಿನ್ನ
ಲೋರ್ನಾ


ಕೇರ್ನ್ಸ್
ಏಪ್ರಿಲ್ ೨೭, ೧೯೯೭

ಡೆಸ್,

ನಿನಗೆ ಸುದ್ದಿ ಮುಟ್ಟಿರಬೇಕು. ಕೆರಿನ್‌ಳನ್ನು ವಿಮಾನದಲ್ಲಿ ಇಲ್ಲಿನ ಆಸ್ಪತ್ರೆಗೆ ತಂದರು. ಎಡಗೈಯ ಉಂಗುರದ ಬೆರಳು, ಕಿರುಬೆರಳು ಹೋಗಿವೆ. ನಡುಬೆರಳು ಇದೆ, ಇನ್ನು ಮಡಿಸಲು ಬರುವುದಿಲ್ಲವಂತೆ.

ಬಲೆ ಎಳೆಯುವ ಉರುಳೆಗೆ ಹಗ್ಗ ಸುತ್ತುವಾಗ ಎಡಗೈ ಹಗ್ಗದ ಅಡಿಗೆ ಹೋಯಿತು. ಬಲಗೈಯಲ್ಲಿ ಕತ್ತಿನ ಚಾಕು ಎಳೆದಳು. ಹಗ್ಗದ ಮೇಲೆ ಒತ್ತಿದ್ದೇ ತಡ, ಅಲಗು ಹಿಡಿಯ ಬುಡದಲ್ಲಿ ಮುರಿದು ಸಮುದ್ರಕ್ಕೆ ಬಿತ್ತು. ಯಂತ್ರ ನಿಲ್ಲಿಸುವವನು ಓಡಿಬರುವ ಹೊತ್ತಿಗೆ ಆಗಬಾರದ್ದು ಆಗಿತ್ತು.

ಎಚ್ಚರವಾದಾಗ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ್ದು ಇಷ್ಟು: "ಅಮ್ಮಾ, ನಿನ್ ಗಂಟು ಜಾರ್ಲಿಲ್ಲ. ಹಿಡಿ ಕೈಯಲ್ಲೇ ಇತ್ತು."

ನನ್ನನ್ನು ಸಮಾಧಾನ ಮಾಡುವುದಕ್ಕೆ ಹೇಳಿದಳು ನೋಡು, ಆ ಸ್ಥಿತಿಯಲ್ಲಿ.

ಆ ಹಿಡಿ ನನ್ನ ಹತ್ತಿರವಿದೆ. ಬಿಚ್ಚಿಲ್ಲ. ನಿನ್ನ ಮಾತು ಕೇಳಿದ ಮೇಲೆ ಬಿಚ್ಚುತ್ತೇನೆ. ಒಳಗೆ ಏನಿದೆ, ಹೇಳು.

ಲೋರ್ನಾ


ಚಾರ್ಟರ್ಸ್ ಟವರ್ಸ್
ಮೇ ೯, ೧೯೯೭

ಪ್ರಿಯ ಲೋರ್ನಾ,

ಸುದ್ದಿ ಕೇಳಿ ಕೂತಲ್ಲೇ ಕೂತುಬಿಟ್ಟೆ. ಕೆರಿನ್‌ಳನ್ನು ತೊಟ್ಟಿಲಿನಿಂದ ಬಲ್ಲೆ. ಏನು ಬರೆದರೂ ಕಡಿಮೆಯೇ.

ಉಕ್ಕಿನ ವಿಷಯ ನಿನಗೆ ಗೊತ್ತಿಲ್ಲದ್ದಲ್ಲ. ಸಮುದ್ರದ ಉಪ್ಪು ಎಂಥ ಉಕ್ಕನ್ನೂ ತಿನ್ನುತ್ತದೆ. ದೋಣಿಯಲ್ಲಿ ಹುಡುಗರು ಚಾಕುವಿನಲ್ಲಿ ಡಬ್ಬ ಮೀಟುತ್ತಾರೆ, ಸಿಂಪಿ ಬಿಡಿಸುತ್ತಾರೆ. ಅವಳು ಹಾಗೆ ಮಾಡಿದಳು ಎನ್ನುತ್ತಿಲ್ಲ. ಆದರೆ ಆಗುವುದುಂಟು.

ಹಿಡಿಯನ್ನು ನೀನು ಬಿಚ್ಚಬೇಡ. ಇಲ್ಲಿಗೆ ಕಳಿಸು, ನಾನು ನೋಡಿ ಹೇಳುತ್ತೇನೆ. ಈ ಹೊತ್ತಿನಲ್ಲಿ ನೀನು ಅದನ್ನೆಲ್ಲ ಮೈಮೇಲೆ ಹಾಕಿಕೊಳ್ಳುವುದು ಬೇಡ.

ಡೆಸ್


ವಿಂಟನ್
ಜೂನ್ ೩, ೧೯೯೭

ಡೆಸ್,

ಬಿಚ್ಚಿದೆ.

ಹೆಣೆಯುವವರು ಹೆಣಿಗೆಯನ್ನು ಕೊಯ್ಯುವುದಿಲ್ಲ, ಕೊನೆಯ ಗಂಟಿನಿಂದ ಹಿಂದಕ್ಕೆ ಬಿಚ್ಚುತ್ತಾ ಬರುತ್ತಾರೆ. ಹಾಗೇ ಬಿಚ್ಚಿದೆ. ಟಾರಿನ ದಾರದ ಕೆಳಗೆ ನಿನ್ನ ತೊಗಲು, ಅದರ ಕೆಳಗೆ ನಿನ್ನ ಬಟ್ಟೆ. ಬಟ್ಟೆಯನ್ನು ನೀರಲ್ಲಿ ನೆನೆಸಿ ಎಬ್ಬಿಸಿದೆ. ಕೆಳಗೆ ಬೆಸುಗೆ. ಅಂಗಡಿಯಲ್ಲಿ ಸಿಗುವ ಮೋಟು ಅಲಗಿನ ಬುಡಕ್ಕೆ ಕಬ್ಬಿಣದ ಪಟ್ಟಿಯೊಂದನ್ನು ಬೆಸೆದು, ಅರದಿಂದ ಉಜ್ಜಿ ನಯ ಮಾಡಿದ್ದೀಯ. ಎಷ್ಟು ನಯ ಎಂದರೆ ಬಟ್ಟೆಯ ಮೇಲಿಂದ ಸವರಿದರೆ ನನ್ನ ಬೆರಳಿಗೂ ತಿಳಿಯುತ್ತಿರಲಿಲ್ಲ. ನೀನು ಅದನ್ನೂ ಪರೀಕ್ಷೆ ಮಾಡಿ ನೋಡಿರಬೇಕು.

ಉಪ್ಪು ತಿಂದಿತೆಂದು ಬರೆದೆಯಲ್ಲ. ಮುರಿದ ಕಡೆ ತುಕ್ಕಿನ ಚುಕ್ಕೆಯೂ ಇಲ್ಲ.

ನನಗೆ ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತೇ? ನನ್ನ ಕೆಲಸ ಉಳಿಸುತ್ತಿದ್ದೇನೆ ಎಂದು ನೀನು ಬರೆದೆ. ನನ್ನ ಮೇಲೆ ಕರುಣೆ ತೋರಿಸಿದ ಹಾಗೆ ಮಾಡಿ, ನಾನು ಬರಿ ಉಕ್ಕನ್ನು ಮುಟ್ಟದ ಹಾಗೆ ನೋಡಿಕೊಂಡೆ. ನಾನು ಅದಕ್ಕೆ ನಿನ್ನನ್ನು ಹೊಗಳಿ ಕಾಗದ ಬರೆದೆ. ಆ ಕಾಗದ ಓದುತ್ತಾ ನೀನು ಹೇಗೆ ಕೂತಿದ್ದೆ ಎಂದು ಯೋಚಿಸುತ್ತೇನೆ.

ಕಳೆದ ಶನಿವಾರ ಕ್ಲಾಂಕರಿಯ ದನ ಅಟ್ಟುವ ಪಂದ್ಯಕ್ಕೆ ಹೋದೆ. ಬೇಲಿಯ ಹತ್ತಿರ ನಿಂತು, ನನ್ನ ಗಂಟಿರುವ ಚಾಕು ಯಾರ ಕತ್ತಿನಲ್ಲಿದ್ದರೂ ತೆಗೆದುಕೊಡಿ, ಹಾಕಿಕೊಳ್ಳಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ಕಿವುಡಿ ಏನೋ ಬಡಬಡಿಸುತ್ತಾಳೆಂದು ಕೆಲವರು ನಕ್ಕರು. ಎರಡನೇ ಕಂತಿನದನ್ನು ಕೊಂಡವನೊಬ್ಬ ಕೊಟ್ಟ, ಅಲ್ಲೇ ಬಿಚ್ಚಿ ತೋರಿಸಿದೆ. ಅದರಲ್ಲೂ ಬೆಸುಗೆ. ನಗು ನಿಂತಿತು. ಆಗ ಟ್ರೆವ್ ಮಲ್ಕಾಹಿ ನನ್ನೆದುರಿಗೆ ಬಂದು, ತುಟಿ ಓದಲಿ ಎಂದು ನಿಧಾನವಾಗಿ ಕೇಳಿದ.

"ಹೆಣಿಗೆ ನಿಂದೇ ಅಲ್ವಾ ಲೋರ್ನಾ? ಒಳಗೇನಿದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಇಲ್ಲ ಎಂದೆ. ಅವನು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ನಲವತ್ತು ವರ್ಷ ಈ ಸೀಮೆಯಲ್ಲಿ ಜನ ನನ್ನ ಗಂಟು ನೋಡಿ ಸಾಮಾನು ಕೊಂಡವರು.

ನೀನು ಯಾಕೆ ಮಾಡಿದೆ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಏನಾದರೂ ಟೈಪು ಮಾಡಿ ಕಳಿಸುತ್ತೀಯ.

ಲೋರ್ನಾ ಕ್ವಿಲ್ಟಿ


ಚಾರ್ಟರ್ಸ್ ಟವರ್ಸ್
ಜುಲೈ ೨೦, ೧೯೯೭

ಅಮ್ಮಾ,

ಬೈಯಬೇಡ. ಕೇರ್ನ್ಸ್‌ನಿಂದ ಬಸ್ಸಿನಲ್ಲಿ ಬರುವಾಗ ಇಲ್ಲಿ ಇಳಿದೆ. ನಾಳಿನ ಬಸ್ಸಿಗೆ ಮನೆಗೆ ಬರುತ್ತಿದ್ದೆ, ಆದರೆ ಫೋನು ಮಾಡಿದಾಗ ಕೇರ್ನ್ಸ್‌ನ ವೈದ್ಯರು ಮತ್ತೆ ಒಂದು ವಾರಕ್ಕೆ ಬರಹೇಳಿದರು. ಅದಕ್ಕೆ ಈ ಕಾಗದ, ಈ ಪೊಟ್ಟಣ.

ಡೆಸ್ ಅಂಕಲ್ ಮನೆಗೆ ಹೋಗಿದ್ದೆ. ಚೆನ್ನಾಗಿ ಉಗಿದು ಬರಬೇಕೆಂದೇ ಹೋದದ್ದು. ಕುಲುಮೆ ಆರಿಹೋಗಿದೆ, ಅದರ ಮೇಲೆ ಬೆಕ್ಕು ಮಲಗುತ್ತದೆ. ಅಂಕಲ್ ಟೀ ಮಾಡಿಕೊಟ್ಟರು. ಮಾಡಿಕೊಟ್ಟರು ಎಂದರೆ, ಕೆಟಲು ಎತ್ತಿದರು, ಕೈ ಕಂಪಿಸಿ ಅರ್ಧ ನೆಲಕ್ಕೆ ಚೆಲ್ಲಿತು, ಉಳಿದದ್ದನ್ನು ನಾನು ಬಗ್ಗಿಸಿದೆ. ನನ್ನ ಒಂದು ಕೈ, ಅವರ ಎರಡು ಕೈ, ಎಲ್ಲ ಸೇರಿ ಒಂದು ಲೋಟ ಟೀ ಆಯಿತು. ಹೋದ ವರ್ಷದ ಚಳಿಗಾಲದಿಂದ ಹೀಗಂತೆ. ಸುತ್ತಿಗೆ ಹಿಡಿದರೆ ಏಟು ಎಲ್ಲೆಲ್ಲೋ ಬೀಳುತ್ತದಂತೆ. ಯಾರಿಗೂ ಹೇಳಲಿಲ್ಲವಂತೆ. ಬೆಸುಗೆ ಹಾಕುವಾಗ ಮೊಣಕೈಯನ್ನು ಮೇಜಿಗೆ ಪಟ್ಟಿಯಲ್ಲಿ ಕಟ್ಟಿಕೊಳ್ಳುತ್ತಿದ್ದರಂತೆ.

ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಇಡೀ ಸೀಮೇಲಿ ನನ್ನನ್ನ ಕಮ್ಮಾರ ಅಂತ ಕರೆಯೋಳು ನಿಮ್ಮಮ್ಮ ಒಬ್ಳೇ ಉಳಿದಿದ್ಲು ಕಣಮ್ಮ" ಎಂದರು.

ಮುದುಕ ಅಳುತ್ತಿದ್ದರೆ ಏನು ಬೈಯುವುದು?

ಹೊರಡುವಾಗ ಅಂಗಿಯೊಳಗಿನಿಂದ ತಮ್ಮ ಕತ್ತಿನ ಚಾಕು ತೆಗೆದು ನನ್ನ ಕೈಗೆ ಹಾಕಿದರು. "ಇದು ಕೈ ನೆಟ್ಟಗಿದ್ದಾಗ ಮಾಡಿದ್ದು, ಕೊನೇದು. ಇದು ಮುರಿಯಲ್ಲ. ಇಟ್ಕೋ" ಎಂದರು. ಬೇಡ ಎಂದರೂ ಬಿಡಲಿಲ್ಲ. ಮೊದಲ ಕಂತಿನದು, ನಿನ್ನ ಕಾಂಗರೂ ಹೆಣಿಗೆಯೇ ಅದರ ಮೇಲಿದೆ. ಅದನ್ನೇ ಕಳಿಸಿದ್ದೇನೆ. ನನಗೆ ಕತ್ತಿಗೆ ಏನನ್ನೂ ಹಾಕಿಕೊಳ್ಳಲು ಇನ್ನು ಮನಸ್ಸಿಲ್ಲ.

ಅಮ್ಮಾ, ಅವರನ್ನು ಬಿಟ್ಟುಬಿಡು. ಬೆರಳು ನನ್ನದು. ನಾನು ಬಿಟ್ಟಿದ್ದೇನೆ.

ನಿನ್ನ
ಕೆರಿನ್


ವಿಂಟನ್
ಆಗಸ್ಟ್ ೧೧, ೧೯೯೭

ಡೆಸ್,

ಕೆರಿನ್ ಮನೆಗೆ ಬಂದಿದ್ದಾಳೆ. ತೊಗಲು ಸೀಳಿ ಕೊಡುತ್ತಾಳೆ, ಹೆಣೆಯಲು ಆಗುವುದಿಲ್ಲ. ಬಲಗೈಯಿಂದ ಎಳೆಗಳನ್ನು ಹಿಡಿದು ಎಡಗೈಗೆ ದಾಟಿಸುವಲ್ಲಿಗೆ ಬಂದು ನಿಲ್ಲುತ್ತಾಳೆ, ನಾನು ನೋಡುತ್ತಿದ್ದರೆ ಎದ್ದು ಟೀಗೆ ನೀರಿಡುತ್ತಾಳೆ. ನಿನ್ನ ಮೇಲೆ ಅವಳಿಗೆ ಕೋಪವಿಲ್ಲ. ಅವಳು ತಂದೆಯ ಹಾಗೆ. ನಾನು ಹಾಗಲ್ಲ.

ನಿನ್ನ ಕೈಯ ವಿಷಯ ಓದಿ ಅತ್ತೆ. ಅದನ್ನು ಮುಚ್ಚಿಡುವುದಿಲ್ಲ. ಕೈ ನಡುಗುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಮುಂದಿನ ಬಸ್ಸಿಗೇ ಬರುತ್ತಿದ್ದೆ. ಇಕ್ಕಳ ನಾನು ಹಿಡಿಯುತ್ತಿದ್ದೆ, ಸುತ್ತಿಗೆಗೆ ಕೆರಿನ್ ಇದ್ದಳು, ಸಮುದ್ರಕ್ಕೂ ಹೋಗುತ್ತಿರಲಿಲ್ಲವೇನೋ. ಅಂಗಡಿಯ ಅಲಗಿಗೆ ಬೆಸುಗೆ ಹಾಕಿ ಊರವರಿಗೆ ಮಾರಿದ್ದನ್ನೂ ಯಾವತ್ತಾದರೂ ಒಂದು ದಿನ ಮರೆಯುತ್ತಿದ್ದೆ. ಮುದುಕರಿಗೆ ನಾಚಿಕೆ ದೊಡ್ಡದು, ನನಗೂ ವಯಸ್ಸಾಗಿದೆ.

ನಿನ್ನ ಕತ್ತಿನ ಚಾಕುವನ್ನು ನಿನ್ನೆ ಬಿಚ್ಚಿ ನೋಡಿದೆ. ನೀನು ಕೆರಿನ್‌ಗೆ ಹೇಳಿದ್ದು ನಿಜ. ತುದಿಯಿಂದ ಕೊನೆಯವರೆಗೆ ಒಂದೇ ತುಂಡು. ಬಾಗಿಲ ಚೌಕಟ್ಟಿನ ಸಂದಿಗೆ ಸಿಕ್ಕಿಸಿ ನನ್ನ ಮೈಭಾರವೆಲ್ಲ ಹಾಕಿ ಜಗ್ಗಿದೆ, ಬಾಗಿ ಮತ್ತೆ ನೆಟ್ಟಗಾಯಿತು.

ಹಾಗಾದರೆ ನಾನು ಮಗಳಿಗೆ ಒಂದು ಚಾಕು ಕಳಿಸು ಎಂದು ಬರೆದ ದಿನ ಇದು ನಿನ್ನ ಹತ್ತಿರವೇ ಇತ್ತು. ಯಾವುದು ಮುರಿಯುತ್ತದೆ, ಯಾವುದು ಮುರಿಯುವುದಿಲ್ಲ ಎಂದು ಇಡೀ ಭೂಮಿಯ ಮೇಲೆ ನಿನ್ನೊಬ್ಬನಿಗೇ ಗೊತ್ತಿತ್ತು. ಕುರ್ಚಿಯ ಮೇಲೆ ಕೂತಿರುವ ನೀನು ಗಟ್ಟಿಯದನ್ನು ನಿನ್ನ ಕತ್ತಿಗೆ ಹಾಕಿಕೊಂಡೆ. ಇನ್ನೊಂದಕ್ಕೆ ಕೆಂಪು ದಾರ ಕಟ್ಟಿ ಸಮುದ್ರಕ್ಕೆ ಹೋಗುವವಳಿಗೆ ಕಳಿಸಿದೆ.

ಇದನ್ನು ನಿನಗೇ ವಾಪಸು ಕಳಿಸುತ್ತಿದ್ದೇನೆ. ಬರಿದಾಗಿಯೇ. ಮುಚ್ಚುವುದು ನಿನಗೆ ಬರುತ್ತದೆ.

ಲೋರ್ನಾ ಕ್ವಿಲ್ಟಿ